ನಲವತ್ತೊಂದನೇ ನಂಬರ್

"ನನ್ನ ಮಚ್ಚೆ ನಿಮ್ಮ ಹತ್ರ ಇದೆಯಂತೆ!"

ಅವಳು ಕಂಪ್ಯೂಟರಿನಿಂದ ತಲೆ ಎತ್ತಿದಳು. ಬಾಗಿಲಲ್ಲಿ ಆಸ್ಪತ್ರೆಯ ಲಿಫ್ಟ್ ರಿಪೇರಿಯವನು. ಬಲಗಾಲನ್ನು ಅರ್ಧವಷ್ಟೇ ಊರಿ ನಿಂತಿದ್ದ. ಅಂಗಾಲಿನ ಕಪ್ಪು ಮಚ್ಚೆ ಚರ್ಮದ ಕ್ಯಾನ್ಸರ್ ಎಂದು ತಿಳಿದು ಕತ್ತರಿಸಿ ತೆಗೆದಿದ್ದರು. ಅವನ ಒಪ್ಪಿಗೆಯಿಂದ ಅದರದೊಂದು ಚೂರು ಸಂಶೋಧನೆಗೆಂದು ಅವಳ ಲ್ಯಾಬಿಗೆ ಬಂದಿತ್ತು.

"ಇಲ್ಲಿ ಯಾರಿಗೂ ಹೆಸರಿಲ್ಲ. ಬರೀ ನಂಬರ್."

"ನನ್ನ ಚೀಟಿಯಲ್ಲಿ ನಲವತ್ತೊಂದು ಅಂತಿದೆ."

"ಅಯ್ಯೋ! ಅದನ್ನ ನನಗೆ ಹೇಳಬಾರದಿತ್ತು!"

"ಯಾಕೆ, ಮಚ್ಚೆ ನಾಚ್ಕೊಳ್ಳುತ್ತಾ?"

ಅವಳು ನಕ್ಕುಬಿಟ್ಟಳು. ಆಮೇಲೆ ಲಿಫ್ಟ್ ಕೆಡದ ದಿನವೂ ಅವನು ಮೂರನೇ ಮಹಡಿಗೆ ಬರತೊಡಗಿದ.

ದೇಹವನ್ನು ಕಾಯುವ ಕೆಲವು ಜೀನ್‌ಗಳು ಗಡ್ಡೆಯೊಳಗೆ ಎಷ್ಟು ಎಚ್ಚರವಾಗಿವೆ ಎಂದು ಅಳೆಯುವುದು ಅವಳ ಕೆಲಸ. ರೋಗ ಮರಳುತ್ತದೆಯೇ, ಔಷಧ ಹಿಡಿಯುತ್ತದೆಯೇ ಎಂದು ಅದರಿಂದ ಊಹಿಸುತ್ತಿದ್ದಳು.

ಒಂದು ಸೋಮವಾರ ಪಟ್ಟಿ ಸಿದ್ಧವಾಯಿತು.

ನಲವತ್ತೊಂದು: ಹೆಚ್ಚು ಅಪಾಯ.

ಸಂಶೋಧನೆಯ ಫಲಿತಾಂಶವನ್ನು ರೋಗಿಗೆ ಹೇಳುವಂತಿಲ್ಲ. 'ಹೇಳದೆ ಅವನ ಮುಖ ನೋಡೋದು ಹೇಗೆ?'

ಅವಳು ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿದಳು. ಅವನ ಫೋನ್ ಎತ್ತಲಿಲ್ಲ. ಒಂದು ವಾರ... ಎರಡು ವಾರ...

"ಏನೇ, ಮುಖ ಗಂಟು ಹಾಕ್ಕೊಂಡಿದ್ದೀಯ? ಲಿಫ್ಟಿನವನು ಕೈ ಕೊಟ್ಟನಾ?" ಮನೆಯಲ್ಲಿ ಅಕ್ಕ ಕೆಣಕಿದಳು.

"ನಾನೇ ಕೊಟ್ಟೆ ಕಣೇ ಅಕ್ಕ."



ಮರುದಿನ ಮೆಟ್ಟಿಲಲ್ಲೇ ಅವನು ಎದುರಾದ. ಆ ಕಾಲಲ್ಲಿ ಮೂರು ಮಹಡಿ ಹತ್ತಿ ಬಂದಿದ್ದ!

"ಕುಂಟನ ಜೊತೆ ಓಡಾಡೋಕೆ ನಾಚಿಕೆ ಅಂದ್ರೆ ಹೇಳಿಬಿಡಿ. ಬೇಜಾರಿಲ್ಲ."

"ಛೀ! ಏನ್ ಮಾತು ಅದು?"

ಅವನು ಅವಳ ಕಣ್ಣನ್ನೇ ನೋಡಿದ. "ನನ್ನ ನಂಬರ್ ನೋಡಿದ್ರಿ... ಅಲ್ವಾ?"

ಅವಳು ಇಲ್ಲ ಎನ್ನಬಹುದಿತ್ತು. ಎನ್ನಲಿಲ್ಲ.

ಅವನು ನಿಧಾನಕ್ಕೆ ಮೆಟ್ಟಿಲ ಮೇಲೆ ಕೂತ. "ಎಷ್ಟು ಜನ ಇದ್ದಾರೆ ನನ್ನ ಥರ?"

"ನೂರರಲ್ಲಿ ಐವತ್ತು."

"ಸರಿಯಾಗಿ ಅರ್ಧವಾ? ಅದ್ಹೇಗೆ?"

ನೂರು ಜನರನ್ನು ಅಳತೆಯ ಪ್ರಕಾರ ಸಾಲಾಗಿಟ್ಟು, ನಟ್ಟನಡುವೆ ಗೆರೆ ಎಳೆದವಳು ಅವಳೇ! ಎಲ್ಲರೂ ಗುಣವಾಗುವವರೇ ಆಗಿದ್ದರೂ ಅರ್ಧ ಜನ 'ಹೆಚ್ಚು ಅಪಾಯ'ದ ಕಡೆಗೆ ಬೀಳಲೇಬೇಕಿತ್ತು. ಇದು ಗುಂಪಿನ ಲೆಕ್ಕ, ಒಬ್ಬರ ಹಣೆಬರಹವಲ್ಲ ಎಂದು ಪ್ರತಿ ವರದಿಯಲ್ಲೂ ಬರೆಯುತ್ತಿದ್ದವಳು, ಒಬ್ಬನ ವಿಷಯದಲ್ಲಿ ಮರೆತಿದ್ದಳು.

"ಅರ್ಧಕ್ಕೆ ಗೆರೆ ಎಳೆದವಳು ನಾನೇ. ನೀವು ಆ ಗೆರೆ ಪಕ್ಕದಲ್ಲೇ ಇದ್ದೀರಿ. ಅದು ಕಣ್ಣಿಗೆ ಬಿದ್ರೂ ಯೋಚನೆ ಮಾಡೋ ಧೈರ್ಯ ಮಾಡ್ಲಿಲ್ಲ ನಾನು."

"ಹಾಗಾದ್ರೆ ಗುಣ ಆಗುತ್ತಾ?"

"ಗೊತ್ತಿಲ್ಲ. ನಿಜವಾಗಲೂ ಗೊತ್ತಿಲ್ಲ..."

ಮೇಲಿನ ಮಹಡಿಯಲ್ಲಿ ಯಾರೋ ಬಾಗಿಲು ಹಾಕಿಕೊಂಡರು. ಅವಳು ಅವನ ಪಕ್ಕದಲ್ಲಿ ಕೂತಳು.

"ನಾಳೆ ನಮ್ಮ ಮೇಡಂಗೆ ಎಲ್ಲಾ ಹೇಳ್ತೀನಿ. ಈ ಕೆಲಸದಿಂದ ನನ್ನ ತೆಗೀತಾರೆ."

"ಯಾಕೆ?"

"ನಲವತ್ತೊಂದು ಯಾರು ಅಂತ ಗೊತ್ತಿದ್ದವಳು ಲೆಕ್ಕ ಹಾಕಬಾರದು. ಅದೂ... ಅವನೇ ಬದುಕಲಿ ಅಂತ ಬೇಡ್ಕೊಳ್ಳೋಳು."

ಅವನು ಅವಳ ಕಡೆ ತಿರುಗಿದ. "ಪ್ರೀತಿ ಅಂತ ನೇರವಾಗಿ ಹೇಳೋಕೆ ಏನಾಗಿತ್ತು?"

"ಪ್ರೀತಿ! ಸಾಕಾ?"

ಅವನು ನಗಲು ಹೋದ, ಕಣ್ಣು ತುಂಬಿತು.

"ಗುರುವಾರ ಸ್ಕ್ಯಾನ್ ಇದೆ. ಭಯ ಆಗುತ್ತೆ."

"ನನಗೂ."

"ಒಳಗೆ ಯಾರನ್ನೂ ಬಿಡಲ್ಲ."

"ನೀನು ಹೊರಗೆ ಬರೋ ತನಕ ಬಾಗಿಲಲ್ಲೇ ಇರ್ತೀನಿ."