ಸಣ್ಣಕ್ಷರದ ಪಟ್ಟಿ

"ಪೊಲೀಸಕ್ಕ, ಬೇಗ ಬನ್ನಿ. ನಿಮ್ಮ ಹಾಳೇನ ಯಾರೋ ಕೊಯ್ದಿದ್ದಾರೆ."

ಬೆಳಿಗ್ಗೆ ಎಂಟು ಗಂಟೆ. ನೆಲ ಒರೆಸುವ ಆಯಾ ಕೋಲು ಹಿಡಿದೇ ಓಡಿ ಬಂದಿದ್ದಳು.

ಪೊಲೀಸಕ್ಕ ಪೊಲೀಸಲ್ಲ. ಆಸ್ಪತ್ರೆಯಲ್ಲಿ ಸೋಂಕು ತಡೆಯುವ ನರ್ಸ್. ಕೈ ತೊಳೆಯದವರನ್ನು, ದೊಡ್ಡ ಡಾಕ್ಟರೇ ಇರಲಿ, ಬಾಗಿಲಲ್ಲೇ ಹಿಡಿಯುತ್ತಾಳೆ. ಅದಕ್ಕೇ ಆ ಹೆಸರು.

ಹಾಳೆ ಆಪರೇಷನ್ ಥಿಯೇಟರಿನ ಹೊರಗೋಡೆಯ ಮೇಲಿತ್ತು. ಎಲ್ಲೆಲ್ಲೋ ನಡೆದ ಹನ್ನೆರಡು ಅಧ್ಯಯನಗಳನ್ನು ಓದಿ, ತೂಗಿ ನೋಡಿ, ಸಾರ ತೆಗೆದು ಅವಳೇ ಬರೆದದ್ದು. ಅಂಟಿಸಿ ಮೂರು ವಾರ. ಮೇಲೆ ದಪ್ಪಕ್ಷರ: 'ಆಪರೇಷನ್ನಿಗೆ ಮುಂಚೆ ರೋಗಿಯ ಮೈಕೂದಲನ್ನು ಕ್ಷೌರದ ಕತ್ತಿಯಿಂದ ಬೋಳಿಸಬೇಡಿ. ಕಣ್ಣಿಗೆ ಕಾಣದ ಗೀರುಗಳಿಂದ ಸೋಂಕು ಒಳಹೋಗುತ್ತದೆ. ತೆಗೆಯಲೇಬೇಕಿದ್ದರೆ ಯಂತ್ರದಿಂದ ಕತ್ತರಿಸಿ.' ಕೆಳಗೆ ಸಣ್ಣಕ್ಷರದಲ್ಲಿ ಹನ್ನೆರಡು ಅಧ್ಯಯನಗಳ ಪಟ್ಟಿ, ಇಸವಿ ಸಮೇತ.

ಆ ಪಟ್ಟಿಯೇ ಈಗ ಇರಲಿಲ್ಲ.

ದೊಡ್ಡ ಡಾಕ್ಟರು ನಗುತ್ತಾ ಬಂದರು. "ನೋಡಿ ಸಿಸ್ಟರ್, ನಿಮ್ಮ ನಿಯಮ ಯಾರಿಗೂ ಬೇಡ. ನಾಲ್ಕಕ್ಕೆ ಮೀಟಿಂಗ್ ಇದೆಯಲ್ಲ, ತೆಗೆದೇಬಿಡೋಣ. ಮತ್ತೆ ಕತ್ತಿ ಬರಲಿ."

"ಅಷ್ಟರೊಳಗೆ ಕಳ್ಳನ್ನ ಹಿಡೀತೀನಿ ಸರ್. ಎಲ್ಲರ ಎದುರು ನಿಲ್ಲಿಸ್ತೀನಿ. ನಾಚಿಕೆ ಆಗ್ಲಿ ಅವನಿಗೆ."

* * *

ಮೊದಲ ಅನುಮಾನ ದೊಡ್ಡ ಡಾಕ್ಟರ ಮೇಲೆಯೇ.

"ಅವರಲ್ಲ ಬಿಡಿ," ಎಂದಳು ಆಯಾ. "ಏಳೂವರೆಗೆ ನಾನು ಹಾಳೆ ಒರೆಸಿದಾಗ ಸರಿಯಾಗಿತ್ತು. ಆಮೇಲೆ ಎಂಟರ ತನಕ ಅವರು ವಾರ್ಡಲ್ಲಿ ನಿಂತು ನನಗೇ ಬೈತಿದ್ರು. ಇದಕ್ಕಿಂತ ಸಾಕ್ಷಿ ಬೇಕಾ?"

ಕಿರಿಯ ಡಾಕ್ಟರುಗಳೂ ಅಲ್ಲೇ ತಲೆತಗ್ಗಿಸಿ ನಿಂತಿದ್ದರಂತೆ. ಪೊಲೀಸಕ್ಕ ಥಿಯೇಟರಿನ ಬ್ಲೇಡುಗಳನ್ನು ಎಣಿಸಿದಳು. ಒಂದೂ ಕಡಿಮೆಯಿಲ್ಲ.

ಮತ್ತೆ ಗೋಡೆಯ ಹತ್ತಿರ ಬಂದಳು. ಕನ್ನಡಕ ಏರಿಸಿ ನೋಡಿದಳು. ಗೆರೆ ಎಳೆದಂಥ ಕೊಯ್ತ. ಹಿಂದಿನ ಗೋಡೆಯ ಬಣ್ಣಕ್ಕೆ ಒಂದು ಗೀರೂ ಬಿದ್ದಿಲ್ಲ.

ಬೆರಳಿನಿಂದ ಆ ಜಾಗ ಸವರಿದಳು. ಆಮೇಲೆ ಸೀದಾ ಬಟ್ಟೆಕೋಣೆಗೆ ನಡೆದಳು.

* * *

ಬಟ್ಟೆಕೋಣೆಯಲ್ಲಿ ನುಣುಪಣ್ಣ ಹಾಸಿಗೆ ಬಟ್ಟೆ ಮಡಿಸುತ್ತಿದ್ದ. ಇಪ್ಪತ್ತಾರು ವರ್ಷ ರೋಗಿಗಳ ಮೈ ನುಣ್ಣಗೆ ಬೋಳಿಸಿದವನು. ಹಾಳೆ ಬಂದ ದಿನ ಕತ್ತಿ ಕಿತ್ತುಕೊಂಡು ಇಲ್ಲಿಗೆ ಹಾಕಿದ್ದರು.

"ಅಣ್ಣ, ಒಂದು ಕತ್ತಿ ವಾಪಸ್ ಕೊಡದೆ ಉಳಿಸಿಕೊಂಡಿದ್ರಿ ಅಲ್ವಾ?"

ಮಡಿಸುವ ಕೈ ನಿಂತಿತು. "ಹೆಂಗೆ ಗೊತ್ತಾಯ್ತು?"

"ಸರ್ಜನ್ ಕೈ ಆಗಿದ್ರೆ ಗೋಡೆಯೊಳಗೆ ಇಳೀತಿತ್ತು. ಹಗುರವಾಗಿ ಮೇಲೆ ಮೇಲೇ ಓಡೋ ಕೈ ಇಲ್ಲಿ ನಿಮ್ಮದೊಂದೇ. ಕೆಲಸ ಹೋದ ಸಿಟ್ಟು ಅಂದ್ಕೊಂಡೆ. ಆದ್ರೆ ಸಿಟ್ಟಿದ್ದೋರು ದಪ್ಪಕ್ಷರ ಕೊಯ್ತಾರೆ. ನೀವು ಅದನ್ನ ಮುಟ್ಟೇ ಇಲ್ಲ. ಸಣ್ಣಕ್ಷರ ಯಾಕೆ ಬೇಕಾಯ್ತು?"

ಅವನು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ.

"ಈ ಇಂಗ್ಲಿಷು ನನಗೆ ಬರಲ್ಲ ಅಕ್ಕ. ಅಂಕಿ ಬರ್ತವೆ. ನನ್ನ ತಮ್ಮ ಹೋಗಿ ನಾಲ್ಕು ವರ್ಷ. ಇಲ್ಲೇ ಹರ್ನಿಯಾ ಆಪರೇಷನ್. ಬೋಳಿಸಿದ್ದು ನಾನೇ. ತಮ್ಮನಲ್ವಾ, ಇನ್ನೂ ನುಣುಪಾಗ್ಲಿ ಅಂತ ಎರಡು ಸಲ ಕತ್ತಿ ಆಡಿಸಿದೆ. ಗಾಯ ಕೀವಾಯ್ತು. ಹದಿನೇಳು ದಿನ ನರಳಿದ." ಕಾಗದದ ಮೇಲೆ ಬೆರಳಿಟ್ಟ. "ಒಂದು ಬಿಟ್ಟು ಇಲ್ಲಿರೋ ಇಸವಿಯೆಲ್ಲ ಅದಕ್ಕೂ ಹಿಂದಿನವು. ಹೊರಗೆ ಯಾರಿಗಾದ್ರೂ ತೋರಿಸಿ ಕೇಳೋಣ ಅಂತ ಒಯ್ದೆ. ಇಲ್ಲಿ ಕೇಳೋಕೆ ನಾಚಿಕೆ. ಆಗಲೇ ಗೊತ್ತಿತ್ತಾ ಅಕ್ಕ?"

"ನಿಮ್ಮ ತಮ್ಮನಿಗೆ ಅದರಿಂದಲೇ ಆಯ್ತು ಅಂತ ಯಾವ ಅಧ್ಯಯನವೂ ಹೇಳಲ್ಲ ಅಣ್ಣ. ನೂರು ಜನರಲ್ಲಿ ಎಷ್ಟು ಜನಕ್ಕೆ ಅಂತ ಹೇಳ್ತವೆ, ಅಷ್ಟೆ."

"ನನಗೆ ನೂರು ಜನ ತಮ್ಮಂದಿರು ಇರಲಿಲ್ಲ."

ಪೊಲೀಸಕ್ಕ ಬಟ್ಟೆಯ ರಾಶಿಯ ಮೇಲೆ ಕುಳಿತುಬಿಟ್ಟಳು. ಕಿವಿ ಬಿಸಿಯಾಗಿತ್ತು.

"ಗೊತ್ತಿತ್ತು," ಎಂದಳು. "ಬೇರೆಯವರ ಮಾತು ಬಿಡಿ. ನನಗೇ ಗೊತ್ತಿತ್ತು."

* * *

ನಾಲ್ಕು ಗಂಟೆ. ಮೀಟಿಂಗಿನಲ್ಲಿ ನುಣುಪಣ್ಣ ಬಾಗಿಲ ಪಕ್ಕ ನಿಂತಿದ್ದ. ನಾನೂ ಬರ್ತೀನಿ ಎಂದು ತಾನಾಗಿಯೇ ಬಂದಿದ್ದ.

"ಕಳ್ಳ ಸಿಕ್ಕಿದ್ನಾ ಸಿಸ್ಟರ್?" ದೊಡ್ಡ ಡಾಕ್ಟರು ಕೇಳಿದರು.

ಅವಳು ಸಣ್ಣಕ್ಷರದ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಅಂಚು ಹಳದಿಯಾದ ಒಂದು ಫೈಲು.

"ಹಾಳೆ ಕೊಯ್ದವರು ಇವರು. ಯಾಕೆ ಅಂತ ಆಮೇಲೆ ಅವರನ್ನೇ ಕೇಳಿ. ತಪ್ಪಿತಸ್ಥೆ ನಾನು. ಆರು ವರ್ಷದ ಹಿಂದೆ ಹನ್ನೊಂದು ಅಧ್ಯಯನ ಕೂಡಿಸಿ ಇದನ್ನ ಬರೆದು ಮುಗಿಸಿದ್ದೆ. ತಾರೀಖು ನೋಡಿ. ನಿಮಗೆ ಕೊಡೋಕೆ ಧೈರ್ಯ ಬರಲಿಲ್ಲ ಸರ್, ನಗ್ತೀರ ಅಂತ. ಇನ್ನೂ ಒಂದು ಅಧ್ಯಯನ ಬರಲಿ, ಗಟ್ಟಿಯಾಗ್ತದೆ ಅಂತ ಬೀರುವಿಗೆ ಹಾಕಿದೆ. ಹನ್ನೆರಡನೆಯದು ಬಂತು. ಉತ್ತರ ಚೂರೂ ಬದಲಾಗಲಿಲ್ಲ. ನಡುವೆ ಇವರ ತಮ್ಮ ಹೋದರು. ಇನ್ನೆಷ್ಟು ಜನವೋ, ನಾನು ಎಣಿಸಿಲ್ಲ."

ದೊಡ್ಡ ಡಾಕ್ಟರು ಫೈಲು ತೆರೆದರು. ಮೊದಲ ಪುಟದ ತಾರೀಖು ಓದಿದರು. ಆಮೇಲೆ, "ಆಗ ಕೊಟ್ಟಿದ್ರೆ ನಕ್ಕೇ ನಗ್ತಿದ್ದೆ," ಎಂದರು. ಕತ್ತಿಯ ಮಾತು ಮತ್ತೆ ಏಳಲಿಲ್ಲ.

ಮರುದಿನ ಗೋಡೆಗೆ ಹೊಸ ಹಾಳೆ ಬಂತು. ನಿಯಮ ಅದೇ. ಕೆಳಗೆ ಎರಡು ಸಾಲು ಹೆಚ್ಚಿತ್ತು, ದಪ್ಪಕ್ಷರದಲ್ಲಿ: ನಮಗೆ ತಿಳಿದ ವರ್ಷ, ನಾವು ಪಾಲಿಸಿದ ವರ್ಷ. ಎರಡರ ನಡುವೆ ಆರು ವರ್ಷ.

ಅಂಟು ಹಚ್ಚಿ ಅಂಚು ಸವರಿದವನು ನುಣುಪಣ್ಣ. ಆ ಎರಡು ಅಂಕಿಗಳನ್ನು ಅವನು ಯಾರ ಸಹಾಯವೂ ಇಲ್ಲದೆ ಓದಿದ. ಪಕ್ಕದಲ್ಲಿ ನಿಂತಿದ್ದ ಪೊಲೀಸಕ್ಕ ನೆಲ ನೋಡುತ್ತಿದ್ದಳು.