ಯಾರೋ ಒಬ್ಬಳ ಕಣ್ಣು

"ಗದ್ದ ಈ ಪಟ್ಟಿ ಮೇಲೆ ಇಡೋಕೆ ಹೇಳು. ರೆಪ್ಪೆ ಬಡೀಬಾರದು," ಎಂದರು ಡಾಕ್ಟರ್ ಪೆಲ್ಟನ್.

ಡೆಲ್ರೀನ್ ಅದನ್ನು ತಮ್ಮ ನವಹೋ ಬುಡಕಟ್ಟಿನ ಮಾತಿನಲ್ಲಿ ಅಜ್ಜಿಗೆ ಹೇಳಿದಳು. ಅಜ್ಜಿ ಮಖಮಲ್ ರವಿಕೆಯ ತೋಳು ಮೇಲೆಳೆದುಕೊಂಡು, ಕಣ್ಣಿನ ಫೋಟೋ ತೆಗೆಯುವ ಕ್ಯಾಮೆರಾದ ಮುಂದೆ ಬಗ್ಗಿ ಗದ್ದ ಇಟ್ಟಳು.

"ಉಣ್ಣೆ ಕತ್ತರಿಸೋವಾಗ ನಾನು ಕುರಿ ತಲೆ ಹಿಡ್ಕೋತೀನಲ್ಲ, ಹಾಗೇ ಇದೆ. ನಾನೂ ಕುರಿ ಥರ ಒದೀಬಹುದಾ ಅಂತ ಕೇಳು ತಾಯಿ," ಎಂದಳು.

ಡೆಲ್ರೀನ್ ನಕ್ಕಳು. ಆದರೆ ಅದನ್ನು ಇಂಗ್ಲಿಷಿನಲ್ಲಿ ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಇಂಗ್ಲಿಷ್ ಬಾರದ ಅಜ್ಜಿಯಂಥವರಿಗೆ ಮಾತು ತಿರುಗಿಸಿ ಹೇಳುತ್ತಿದ್ದ ಆಂಟಿ ಅವತ್ತು ರಜೆಯಲ್ಲಿದ್ದರು. ಐದನೇ ಕ್ಲಾಸಿನ ಡೆಲ್ರೀನ್‌ಗೆ ಎರಡೂ ಮಾತು ಬರುತ್ತಿತ್ತು. ನಾನೇ ಹೇಳುತ್ತೇನೆ ಎಂದು ಜಂಬದಿಂದಲೇ ಒಳಗೆ ಬಂದಿದ್ದಳು.

ಕತ್ತಲೆ ಕೋಣೆಯಲ್ಲಿ ಫಳಕ್ ಎಂದು ಬೆಳಕು ಹೊಡೆಯಿತು. ಅಜ್ಜಿ ಬೆಚ್ಚಿದಳು. ಕಂಪ್ಯೂಟರಿನ ಮೇಲೆ ಒಂದು ಕಿತ್ತಳೆ ಬಣ್ಣದ ಚಂದ್ರ ಮೂಡಿತು. ಅದರ ಮೇಲೆಲ್ಲ ಕೆಂಪು ಗೆರೆಗಳು ಕವಲೊಡೆದು ಹರಿದಿದ್ದವು. ಮನೆಯ ಹಿಂದಿನ ದಿಣ್ಣೆ ಹತ್ತಿ ನೋಡಿದರೆ ಕಾಣುವ ಹಳ್ಳಗಳ ಹಾಗೇ ಇತ್ತು. ಎಷ್ಟು ಚೆನ್ನಾಗಿದೆ ಎಂದುಕೊಂಡಳು ಡೆಲ್ರೀನ್.

ಡಾಕ್ಟರ್ ಮಾತ್ರ ಕುರ್ಚಿ ಮುಂದಕ್ಕೆಳೆದು ಹತ್ತಿರದಿಂದ ನೋಡಿದರು. ಗೆರೆಗಳ ಪಕ್ಕದಲ್ಲಿದ್ದ ಚಿಕ್ಕ ಚಿಕ್ಕ ಕೆಂಪು ಚುಕ್ಕೆಗಳನ್ನು ಪೆನ್ನಿನ ತುದಿಯಿಂದ ತೋರಿಸಿದರು. ಕಣ್ಣಿನ ಹಿಂಭಾಗದ ರಕ್ತನಾಳಗಳು ಇವು, ಕೆಲವು ಕೂದಲಿಗಿಂತ ಸಣ್ಣ, ಶುಗರ್ ಹೆಚ್ಚಾಗಿ ಅಲ್ಲಲ್ಲಿ ಸೋರುತ್ತಿವೆ ಎಂದರು.

"ಬುಧವಾರ ಬಂದು ಲೇಸರ್ ಮಾಡಿಸ್ಕೋಬೇಕು. ಇಲ್ಲದಿದ್ರೆ ಅವರು ಕುರುಡಾಗ್ತಾರೆ. ಹಾಗೇ ಹೇಳು, ಮುಚ್ಚಿಡಬೇಡ."

ಡೆಲ್ರೀನ್ ಒಂದು ಮಾತೂ ಬಿಡದೆ ಹೇಳಿದಳು.

"ಅಜ್ಜಿ, ನೀನು ಬುಧವಾರ ಲೇಸರ್ ಮಾಡಿಸ್ಕೋಬೇಕಂತೆ. ಇಲ್ದಿದ್ರೆ ನೀನು ಕುರುಡಿ ಆಗ್ತೀಯಂತೆ."

ಅಜ್ಜಿಯ ಮುಖ ಬಾಗಿಲು ಹಾಕಿದ ಹಾಗೆ ಮುಚ್ಚಿಕೊಂಡಿತು.

"ಬಿಡ್ತು ಅನ್ನು," ಎಂದಳು ಮೆಲ್ಲಗೆ.

ಡಾಕ್ಟರ್ ಎದುರು ಡೆಲ್ರೀನ್‌ಗೆ ನಾಚಿಕೆಯಾಯಿತು. ಹಾಗೆ ಅನ್ನಲಿಲ್ಲ. ಅಜ್ಜಿ ಎದ್ದು, ಚೀಲ ತೆಗೆದುಕೊಂಡು, ಹಿಂತಿರುಗಿ ನೋಡದೆ ಹೊರಗೆ ನಡೆದುಬಿಟ್ಟಳು.

ಹೊರಗೆ ಪಿಕಪ್ ಗಾಡಿಯಲ್ಲಿ ವರ್ನನ್ ಮಾವ ಕಾಯುತ್ತಿದ್ದ. ಫೋಟೋದಲ್ಲಿ ಚೆನ್ನಾಗಿ ಬಂದೆಯಾ ಎಂದು ತನ್ನ ತಾಯಿಯನ್ನು ಕೆಣಕಿದ. ಅಜ್ಜಿ ಕೈ ಚಾಚಿ ರೇಡಿಯೋ ಆರಿಸಿದಳು.

ಮಾರನೆಯ ದಿನ ಶನಿವಾರ. ಅಜ್ಜಿ ಕಾಫಿ ಸುರಿಯುತ್ತಿದ್ದಳು. ಲೋಟ ತುಂಬಿತು. ಅಜ್ಜಿ ಸುರಿಯುತ್ತಲೇ ಇದ್ದಳು. ಕಾಫಿ ಮೇಜಿನಿಂದ ನೆಲಕ್ಕೆ ಇಳಿಯಿತು.

ಡೆಲ್ರೀನ್ ಬಟ್ಟೆ ತಂದು ಒರೆಸಿದಳು.

ಬಿಸಿಲೇರಿದ ಮೇಲೆ ಅಜ್ಜಿ ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿದಳು. "ಬೇಲಿ ಹತ್ರ ಒಂದೇ ನಿಂತಿದೆಯಲ್ಲ, ಅದು ಯಾವ ಕುರಿ?"

ಅಲ್ಲಿ ಕುರಿ ಇರಲಿಲ್ಲ. ಗಾಳಿಗೆ ಉರುಳಿ ಬಂದು ಬೇಲಿಗೆ ಸಿಕ್ಕಿಕೊಂಡ ಒಣ ಮುಳ್ಳುಗಿಡವಿತ್ತು.

ಡೆಲ್ರೀನ್ ಉತ್ತರ ಕೊಡದೆ ಓಡಿದಳು. ಆಡಿದ ಮಾತು ಆಗಲೇ ಕೆಲಸ ಶುರು ಮಾಡಿದೆ. ಆಡಿದವಳು ತಾನೇ. ಪಿಕಪ್ಪಿನ ಕೆಳಗೆ ಮಲಗಿ ರಿಪೇರಿ ಮಾಡುತ್ತಿದ್ದ ಮಾವನ ಬೂಟುಗಳ ಪಕ್ಕ ಕುಳಿತು ಎಲ್ಲ ಹೇಳಿದಳು. ಹೇಳುತ್ತಾ ಬಿಕ್ಕಿದಳು.

ಸ್ಪ್ಯಾನರಿನ ಸದ್ದು ನಿಂತಿತು. ಆಮೇಲೆ ಮಾವನ ಮುಖ ಹೊರಗೆ ಬಂತು, ಮೂಗಿನ ಮೇಲೆ ಗ್ರೀಸು.

"ಅವಳು ಕಾಫಿ ಚೆಲ್ಲೋಕೆ ಶುರು ಮಾಡಿದ್ದು ಬೇಸಿಗೇಲೇ ಕಣೇ. ಅದಕ್ಕೇ ನಾನು ಆಸ್ಪತ್ರೆಗೆ ಕರ್ಕೊಂಡು ಹೋದೆ. ಆದ್ರೆ ನೀನು ಅವಳ ಮುಖಕ್ಕೇ 'ನೀನು ಹೀಗಾಗ್ತೀಯ' ಅಂದ್ಯಾ?"

"ಡಾಕ್ಟರ್ ಹಾಗೇ ಹೇಳು ಅಂದ್ರು."

"ಅವರು ಇಂಗ್ಲಿಷಲ್ಲಿ ಹೇಳಿದ್ರು. ನಮ್ಮ ಮಾತು ಸುಮ್ನೆ ಗಾಳಿಗೆ ಹೋಗಲ್ಲ. ಯಾರಿಗೆ 'ನೀನು' ಅಂತ ಹೇಳ್ತೀವೋ ಅವರ ಹತ್ರ ಹೋಗಿ ಕೂತ್ಕೊಳ್ಳುತ್ತೆ. ಆಸ್ಪತ್ರೆ ಆಂಟಿ ಕೆಟ್ಟ ಸುದ್ದಿ ಹೇಳೋವಾಗ 'ಯಾರೋ ಒಬ್ಬರು ಇದ್ರಂತೆ' ಅಂತಾಳೆ. 'ನೀನು' ಅನ್ನೋದು ಅವಳ ಬಾಯಲ್ಲಿ ಬರೋದೇ ಇಲ್ಲ."

ನೀನೇ ಹೋಗಿ ಸರಿಮಾಡು ಎಂದು ಡೆಲ್ರೀನ್ ಬೇಡಿಕೊಂಡಳು. ನಾನು ಹೋದರೆ ಸ್ಪ್ಯಾನರ್ ಕಿತ್ತುಕೊಂಡು ನನಗೇ ಹೊಡೆಯುತ್ತಾಳೆ, ಮಾತು ಆಡಿದವಳು ನೀನು ಎಂದು ಮಾವ ಮತ್ತೆ ಒಳಗೆ ಸರಿದ.

ಅಜ್ಜಿ ಮನೆಯ ನೆರಳಿನಲ್ಲಿ ಉಣ್ಣೆ ಬಿಡಿಸುತ್ತಾ ಕುಳಿತಿದ್ದಳು. ಡೆಲ್ರೀನ್ ಸ್ವಲ್ಪ ದೂರದಲ್ಲೇ ಕುಳಿತಳು. ಈ ಸಲವೂ ತಪ್ಪಿದರೆ? ಅಜ್ಜಿಯ ಮುಖ ನೋಡದೆ, ದಿಣ್ಣೆಯ ಕಡೆ ತಿರುಗಿ ಶುರು ಮಾಡಿದಳು.

"ಯಾರೋ ಒಬ್ಬಳು ಇದ್ಳಂತೆ. ಎಲ್ಲೋ ದೂರ."

ಉಣ್ಣೆ ಬಿಡಿಸುವ ಕೈ ನಿಲ್ಲಲಿಲ್ಲ.

"ಅವಳ ಕಣ್ಣೊಳಗೆ ಸಣ್ಣ ಸಣ್ಣ ಹಳ್ಳ ಇದ್ವಂತೆ. ದಡ ಒಡೆದು ಸೋರ್ತಿದ್ವಂತೆ. ಒಬ್ಬರು ಡಾಕ್ಟರ್ ಹತ್ರ ಒಂಥರಾ ಬೆಳಕು ಇತ್ತಂತೆ. ಸೋರೋ ಕಡೆ ಅದನ್ನ ಬಿಟ್ರೆ ದಡ ಗಟ್ಟಿ ಆಗುತ್ತಂತೆ."

"ಹೋದ್ಳಾ?"

"ಮೊದಲು ಸಿಟ್ಟು ಮಾಡ್ಕೊಂಡು ಎದ್ದು ಬಂದ್ಳಂತೆ. ಆಮೇಲೆ ಹೋದ್ಳು."

ಅಜ್ಜಿ ಉಣ್ಣೆಯಿಂದ ಒಂದು ಮುಳ್ಳು ಕಿತ್ತು ಪಕ್ಕಕ್ಕೆ ಎಸೆದಳು.

"ಹೆದರಿದ್ಳಾ ಅವಳು?"

ಡೆಲ್ರೀನ್ ತಿರುಗಿ ನೋಡಿದಳು. ಅಜ್ಜಿಯ ಕೈ ಈಗ ನಿಂತಿತ್ತು. ಉಣ್ಣೆಯ ಮುದ್ದೆಯನ್ನು ಬೆರಳುಗಳು ಗಟ್ಟಿಯಾಗಿ ಹಿಡಿದಿದ್ದವು. ನಿನ್ನೆಯಿಂದ ಈ ಮನೆಯಲ್ಲಿ ಹೆದರಿದ್ದವಳು ತಾನೊಬ್ಬಳೇ ಎಂದುಕೊಂಡಿದ್ದಳು ಡೆಲ್ರೀನ್.

"ತುಂಬಾ ಹೆದರಿದ್ಳಂತೆ. ಯಾರಿಗೂ ಹೇಳ್ಲಿಲ್ಲವಂತೆ."

"ಒಬ್ಬಳೇ ಹೋದ್ಳಾ?"

"ಇಲ್ಲ. ಜೊತೆಗೆ ಒಬ್ಬಳು ಹುಡುಗಿ ಇದ್ಳಂತೆ. ಬಾಯಿ ಸ್ವಲ್ಪ ಜಾಸ್ತಿ."

ಅಜ್ಜಿಯ ತುಟಿಯ ಒಂದು ಕೊನೆ ಅಲ್ಲಾಡಿತು.

"ಬುಧವಾರ ಆ ಹುಡುಗೀಗೆ ಸ್ಕೂಲಿರುತ್ತಲ್ಲ?"

"ರಜೆ ಹಾಕಿದ್ಳಂತೆ."

ಅಜ್ಜಿ ಕಂಬಳಿಯ ಮೇಲೆ ಒಂದಿಷ್ಟು ಸರಿದಳು. ಡೆಲ್ರೀನ್ ಹತ್ತಿರ ಬಂದು ಕುಳಿತ ಮೇಲೆ, ಉಣ್ಣೆಯ ಅರ್ಧ ಮುದ್ದೆಯನ್ನು ಅವಳ ಮಡಿಲಿಗೆ ಹಾಕಿದಳು. ಇಬ್ಬರೂ ಮುಳ್ಳು ಹುಡುಕತೊಡಗಿದರು. ಅಜ್ಜಿಗೆ ಕಾಣದೆ ಉಳಿದವನ್ನು ಡೆಲ್ರೀನ್ ಏನೂ ಹೇಳದೆ ಕೀಳುತ್ತಾ ಹೋದಳು.