ಕಿರವತ್ತಿಯ ಹುಟ್ಟಿನ ಪುಸ್ತಕ

1936ನೇ ಇಸವಿ ಮೇ 6, ಬುಧವಾರ. ಬೆಳಿಗ್ಗೆ ಹತ್ತೂವರೆಗೆ ಕಿರವತ್ತಿಯ ಶಾನಭೋಗ ನಾಗಪತಿ ಯಲ್ಲಾಪುರ ಠಾಣೆಯ ಮೆಟ್ಟಿಲು ಹತ್ತಿದ. ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನೇ ಮರೆತು ಬಂದಿದ್ದ. ಶಾನಭೋಗ ಇಷ್ಟು ಗಾಬರಿ ಬಿದ್ದಿದ್ದಾನೆಂದರೆ ಊರಿಗೆ ಹುಲಿ ಬಂದಿರಬೇಕು, ಇಲ್ಲವೇ ತಾಲೂಕಿನ ಮಾಮಲೇದಾರರು ಬಂದಿರಬೇಕು ಎಂದುಕೊಂಡ ಹವಾಲ್ದಾರ ದಾದಾಸಾಬ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವನು ಎರಡನ್ನೂ ನೋಡಿದ್ದ.

"ಹುಟ್ಟಿನ ಪುಸ್ತಕ ಹೋತು ಮಾರಾಯ್ರೆ! ಹದಿನೇಳನೇ ಇಸವಿಯಿಂದ ಇಪ್ಪತ್ಮೂರರವರೆಗಿಂದು. ಪೆಟ್ಟಿಗೆಯಲ್ಲೇ ಇಲ್ಲೆ!"

ಫೌಜದಾರ ಕಮಲಾಕರ ಎಫ್.ಐ.ಆರ್. ಬರೆದ. ಗುನ್ನೆ ನಂಬರ್ 14, ಕಲಂ 380, ಕಟ್ಟಡದೊಳಗಿನ ಕಳವು. ಕಾರವಾರದಿಂದ ಹೊಸದಾಗಿ ಬಂದ ಹುಡುಗ ಅಧಿಕಾರಿ, ಬರವಣಿಗೆ ಮುತ್ತಿನಂತಿತ್ತು.

"ಆ ಪುಸ್ತಕ ಕೊನೆಗೆ ಕೇಳಿದ್ದು ಯಾರು?"

"ಜಹಾಂಗೀರ್. ಬಸ್ಸಿನ ಅಬ್ದುಲ್ ರಜಾಕನ ಮಗ. ಸೋಮವಾರ ಬಂದು ಜನನದ ದಾಖಲೆ ಕೇಳಿದ. ನಮೂನೆ ಕಾಗದ ಮುಗಿದಿತ್ತು, ಬುಧವಾರ ಬಾ ಅಂದಿದ್ದೆ."

ದಾದಾಸಾಬ ಒಳಗೇ ಅಯ್ಯೋ ಅಂದ. ಆ ಹುಡುಗನ ಸಂಗತಿ ಯಲ್ಲಾಪುರಕ್ಕೆಲ್ಲ ಗೊತ್ತು. ಸಿರ್ಸಿಯಲ್ಲಿ ಮ್ಯಾಟ್ರಿಕ್ ಮುಗಿಸಿದವನಿಗೆ ಗೋವೆಯಲ್ಲಿ ಔಷಧ ತಯಾರಿಸುವ ವಿದ್ಯೆ ಕಲಿಯಲು ಜಾಗ ಸಿಕ್ಕಿತ್ತು. ಗೋವೆ ಅಂದರೆ ಘಟ್ಟ ಇಳಿದರೆ ಸಿಗುವ ಊರು, ಆದರೂ ಪೋರ್ಚುಗೀಜರ ರಾಜ್ಯ, ಪರದೇಶವೇ. ಮಾವಿನಕಾಯಿ ಮಾರಿ ಸಂಜೆಗೆ ಮರಳುವವನನ್ನು ಗಡಿಯಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ. ಎರಡು ವರ್ಷ ಕೂತು ಓದುತ್ತೇನೆ ಅಂದವನಿಗೆ ಮಾತ್ರ ಕಾಗದದ ಮೇಲೆ ಕಾಗದ! ಹದಿನೆಂಟು ತುಂಬಿದ್ದಕ್ಕೆ ಜನನದ ದಾಖಲೆ, ಪೊಲೀಸರಿಂದ ನಡತೆಯ ಸರ್ಟಿಫಿಕೇಟು, ಸಿಡುಬಿನ ಲಸಿಕೆ ಹಾಕಿಸಿಕೊಂಡ ಚೀಟಿ. ಎಲ್ಲ ಸೇರಿ ಹದಿನೈದನೇ ತಾರೀಖಿನೊಳಗೆ ಮುಂಬಯಿಯ ಪೋರ್ಚುಗೀಜ್ ಕಾನ್ಸಲನ ಕೈಸೇರಿ ಅವನ ಮೊಹರು ಬೀಳಬೇಕು. ಎಂದರೆ ಸೋಮವಾರದ ಟಪಾಲು ತಪ್ಪಬಾರದು. ತಪ್ಪಿದರೆ ಜಾಗ ಇನ್ನೊಬ್ಬರ ಪಾಲು. ತಾಲೂಕು ಕಚೇರಿಯಲ್ಲಿದ್ದ ಹುಟ್ಟಿನ ಪುಸ್ತಕದ ನಕಲನ್ನು ಗೆದ್ದಲು ಎರಡು ವರ್ಷದ ಹಿಂದೆಯೇ ಓದಿ ಮುಗಿಸಿತ್ತು.

ಕಮಲಾಕರ ಜಹಾಂಗೀರನನ್ನು ಕರೆಸಿದ.

"ಹುಟ್ಟಿದ್ದು ಯಾವಾಗ?"

"ಹದಿನೇಳನೇ ಇಸವಿ ಅಕ್ಟೋಬರ್, ಸಾಹೇಬ್ರೆ."

"ಸಾಕ್ಷಿ?"

"ಆ ಪುಸ್ತಕಾನೇ ಸಾಕ್ಷಿ."

"ಹದಿನೆಂಟು ತುಂಬಿಲ್ಲ, ಅದಕ್ಕೇ ಪುಸ್ತಕ ಮಾಯ ಮಾಡಿದೆ. ಹೌದೋ ಅಲ್ಲವೋ?"

"ಮಾಯ ಮಾಡಿದ್ರೆ ನಾನು ಹೋಗೂದು ಹೆಂಗ್ರೀ? ಅದು ಇಲ್ಲದೆ ನಂದು ನಡಿಯೂದೇ ಇಲ್ಲ."

ಅವನು ಹೊರಗೆ ಹೋದ ಮೇಲೆ ಕಮಲಾಕರ ಲೇಖಣಿ ಕೆಳಗಿಟ್ಟ. "ಸಂಶಯ ಇರುವವನಿಗೆ ನಡತೆ ಒಳ್ಳೆಯದು ಅಂತ ನಾನು ಸಹಿ ಹಾಕಲಾರೆ ದಾದಾಸಾಬ. ಕಳ್ಳ ಸಿಗಬೇಕು, ಇಲ್ಲ ಇವನೇ ಕಳ್ಳ."

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಕಿರವತ್ತಿಯ ಚಾವಡಿಯಲ್ಲಿ ಪಂಚನಾಮೆ ನಡೆಯಿತು. ಪೆಟ್ಟಿಗೆಯ ಬೀಗ ಮುರಿದಿರಲಿಲ್ಲ. ಬೀಗದ ಕೈ ಬಾಗಿಲ ಹಿಂದಿನ ಮೊಳೆಯಲ್ಲಿತ್ತು. ಅಲ್ಲಿರುವುದು ಊರಿಗೆಲ್ಲ ಗೊತ್ತು ಎಂದು ಶಾನಭೋಗ ಹೆಮ್ಮೆಯಿಂದಲೇ ಹೇಳಿದ. ಏನು ಹೆಮ್ಮೆಯೋ! ಏಳು ಪುಸ್ತಕಗಳಲ್ಲಿ ಆರು ಇದ್ದವು, ಒಂದರ ಜಾಗ ಖಾಲಿ.

ದಾದಾಸಾಬ ಖಾಲಿ ಜಾಗವನ್ನೇ ನೋಡುತ್ತ ಕೂತ.

"ಸಾಹೇಬ್ರ, ಓದು ಬಲ್ಲಾಂವ ಬೇಕಾದ ಹಾಳಿ ಹರಕೊಂಡು ಹೋಕ್ಕಾನ. ಇಂಥಾ ಹೊರೀನ ಯಾಕ ಹೊರ್ತಾನ? ಇದು ಅಕ್ಷರ ಬಾರದವರ ಕೆಲಸ ಐತ್ರಿ."

ಇದು ಅವನಿಗೆ ಹೊಳೆದದ್ದು ಅನುಭವದಿಂದ. ಅಕ್ಷರ ಕಲಿತದ್ದೇ ನೌಕರಿಗೆ ಸೇರಿದ ಮೇಲೆ. ಮೊದಲ ವರ್ಷ ಒಂದು ಚೀಟಿ ತಾ ಅಂದರೆ ಇಡೀ ಗಂಟು ಹೊತ್ತು ತಂದು ಬೈಸಿಕೊಂಡಿದ್ದ.

"ಶಾನಭೋಗರ, ಸೋಮವಾರ ಚಾವಡ್ಯಾಗ ಜಹಾಂಗೀರನ ಬಿಟ್ಟು ಯಾರಿದ್ರು?"

"ಯಾರೂ ಇಲ್ಲೆ. ಸಂಗಯ್ಯ ಇದ್ದ."

"ಯಾರೂ ಇಲ್ಲ ಅಂದ ಮ್ಯಾಲೆ ಸಂಗಯ್ಯ ಯಾವ ಲೆಕ್ಕರಿ?"

"ಅಂವ ತನ್ನ ಕೆಲಸಕ್ಕೆ ಬಂದಿದ್ದ. ಸತ್ತ ಅಣ್ಣನ ಮಗಳು ದೇವಿ ಹುಟ್ಟಿದ ತಾರೀಖು ಬೇಕಿತ್ತು. ಅದೂ ಇದೇ ಪುಸ್ತಕದಲ್ಲಿ ಇದ್ದು ಅಂತ ಎತ್ತಿ ತೋರಿಸಿ, ನೀನೂ ಬುಧವಾರ ಬಾ ಅಂದೆ."

ತಾರೀಖು ಬೇಕಾದದ್ದು ಮದುವೆಗೆ. ಹದಿನಾಲ್ಕು ತುಂಬದ ಹೆಣ್ಣಿಗೆ ಮದುವೆ ಮಾಡಕೂಡದೆಂದು ಸರಕಾರ ಕಾಯಿದೆ ತಂದು ಆರು ವರ್ಷವಾಗಿತ್ತು. ಕಮಲಾಕರನ ಕಣ್ಣು ಮಿನುಗಿತು.

"ಸಿಕ್ಕಿತು! ಹುಡುಗಿಗೆ ವಯಸ್ಸಾಗಿಲ್ಲ, ಸಂಗಯ್ಯ ಪುಸ್ತಕ ಮುಚ್ಚಿಟ್ಟ."

"ಆಗ್ಯದೆ," ಅಂದ ಶಾನಭೋಗ. "ಹೋದ ತಿಂಗಳೇ ಹದಿನಾಲ್ಕು ತುಂಬಿತು. ಬರೆದವನು ನಾನೇ."

ಫೌಜದಾರನ ಮುಖ ಸಪ್ಪಗಾಯಿತು. ದಾದಾಸಾಬ ಬಿಡಲಿಲ್ಲ. "ಆಕಿನ ಯಾರಿಗೆ ಕೊಡ್ತಾರ?"

"ಪರಮೇಶ್ವರಪ್ಪಗೆ. ಆ ಹೆದ್ದಾರಿ ಪಕ್ಕದ ಅರಿವೆ ಅಂಗಡಿ. ಐವತ್ತೆರಡು ವರ್ಷ, ಇಬ್ಬರು ಹೆಂಡಿರು ತೀರಿಕೊಂಡಿದ್ದೊ. ಶುಕ್ರವಾರ ನಿಶ್ಚಿತಾರ್ಥ. ಹುಡುಗಿಯ ತಾಯಿ ಗುರುಶಾಂತವ್ವ ಮಾತ್ರ, ಮಗಳಿಗೆ ಇನ್ನೂ ಹನ್ನೆರಡು, ಕಾಯಿದೆ ಅಡ್ಡ ಬರ್ತದೆ ಅಂತ ಎರಡು ವರ್ಷದಿಂದ ತಳ್ಳುತ್ತ ಬಂದಿದ್ದಳು. ಅದಕ್ಕೇ ಸಂಗಯ್ಯ ದಾಖಲೆಗೆ ಬಂದದ್ದು."

"ಆ ಗುರುಶಾಂತವ್ವ ಚಾವಡಿಗೆ ಬರ್ತಾಳೇನ್ರಿ?"

"ದಿನಾ ಬರ್ತು. ಮಜ್ಜಿಗೆ ತರೂದು ಅದೇ. ಸೋಮವಾರವೂ ಬಾಗಿಲಲ್ಲಿ ನಿಂತಿತ್ತು..." ಶಾನಭೋಗ ಬಾಯಿ ಮುಚ್ಚಿಕೊಂಡ.

ಮೇ 7, ಗುರುವಾರ, ಬೆಳಿಗ್ಗೆ ಒಂಬತ್ತಕ್ಕೆ ಪಂಚರೊಂದಿಗೆ ಅವಳ ಮನೆ ಸೇರಿದರು. ಗುರುಶಾಂತವ್ವ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಟೋಪಿ ಕಂಡದ್ದೇ ಕೈ ಒರೆಸಿಕೊಂಡಳು.

"ಪುಸ್ತಕ ಎಲ್ಲವ್ವಾ?" ಅಂದ ದಾದಾಸಾಬ.

ಸುಳ್ಳು ಹೇಳಿ ಸಾಕಾಗಿತ್ತೇನೋ, ಒಳಗೆ ಹೋಗಿ ಭತ್ತದ ಕಣಜಕ್ಕೆ ಭುಜದವರೆಗೆ ಕೈ ಹಾಕಿದಳು. ಪುಸ್ತಕ ಬಂತು. ಹೊಸ ಖಣದಲ್ಲಿ ಸುತ್ತಿತ್ತು, ಒಂದು ಹಾಳೆಯೂ ಮುಕ್ಕಾಗಿರಲಿಲ್ಲ.

ಕಮಲಾಕರನಿಗೆ ಆಶ್ಚರ್ಯ. "ಒಲೆಗೆ ಹಾಕಿದ್ದರೆ ನಾವು ಹಿಡಿಯುತ್ತಲೇ ಇರಲಿಲ್ಲ. ಯಾಕೆ ಹಾಕಲಿಲ್ಲ?"

"ಹಾಕಾಕ ಹೋಗಿದ್ದೆರಿ ಯಪ್ಪಾ. ಒಲಿ ಮುಂದ ಕುಂತೆ. ಊರ ಮಕ್ಕಳೆಲ್ಲಾರ ಹೆಸರೂ ಅದರಾಗ ಅದಾವ. ನನ್ನ ಮಗಳದು ಯಾವುದು, ಮಂದಿ ಮಕ್ಕಳದು ಯಾವುದು, ನನಗೇನು ತಿಳೀತೈತಿ? ಮಂದಿ ಮಕ್ಕಳನ್ನ ಹೆಂಗ ಸುಡ್ಲಿ?"

ದಾದಾಸಾಬ ತಿರುಗಿ ನಿಂತು ಮೂಗು ಒರೆಸಿಕೊಂಡ. ಕಣಜದ ಧೂಳು ಎಂದ. ಯಾರು ನಂಬಿದರೋ ಗೊತ್ತಿಲ್ಲ.

ಮುದ್ದೆಮಾಲಿಗೆ, ಎಂದರೆ ಸಿಕ್ಕ ಕಳವಿನ ಮಾಲಿಗೆ, ಒಮ್ಮೆ ಮೊಹರು ಬಿದ್ದರೆ ಖಟ್ಲೆ ಮುಗಿಯುವವರೆಗೆ ಪುಸ್ತಕ ತೆರೆಯುವಂತಿಲ್ಲ. ಹವಾಲ್ದಾರ ಫೌಜದಾರನ ಮುಖ ನೋಡಿದ. ಕಮಲಾಕರ ಕೆಮ್ಮಿ, "ಮೊಹರು ಹಾಕುವ ಮೊದಲು ಪಂಚರೆದುರಿಗೆ ಒಂದು ನಕಲು ತೆಗೆಯಬಹುದು. ಶಾನಭೋಗರೇ, ಜಹಾಂಗೀರನದು ಬರೆಯಿರಿ," ಅಂದ. 1917, ಅಕ್ಟೋಬರ್ 11. ಹುಡುಗ ಹೇಳಿದ್ದು ಅಕ್ಷರಶಃ ನಿಜ. ಅಬ್ಬಾ! ದಾದಾಸಾಬನ ತಲೆ ಮೇಲಿನ ಭಾರ ಇಳಿಯಿತು.

ಗುರುಶಾಂತವ್ವನನ್ನು ದಸ್ತಗಿರಿ ಮಾಡಿದರು. ಬಸ್ಸಿಗೆ ಹೋಗಲು ಅರಿವೆ ಅಂಗಡಿಯ ಮುಂದೆಯೇ ದಾರಿ. ಮಾನ ಹೋದೀತೆಂದು ಹವಾಲ್ದಾರ ಹಿತ್ತಲ ದಾರಿ ತೋರಿಸಿದ. ಅವಳು ಒಲ್ಲೆ ಅಂದಳು. ತಲೆ ಎತ್ತಿ, ಮಗಳ ಕೈ ಹಿಡಿದುಕೊಂಡು, ನಡುಬೀದಿಯಲ್ಲೇ ಇಬ್ಬರು ಪೊಲೀಸರ ನಡುವೆ ನಡೆದಳು. ಪರಮೇಶ್ವರಪ್ಪ ಗಜಕೋಲು ಹಿಡಿದು ಹಾಗೇ ನಿಂತುಬಿಟ್ಟ.

ಮಧ್ಯಾಹ್ನ ಅಬ್ದುಲ್ ರಜಾಕ್ ತಾನಾಗಿಯೇ ಠಾಣೆಗೆ ಬಂದ. "ನನ್ನ ಮಗನ ದಾರಿಗೆ ಕಲ್ಲು ಹಾಕಿದಾಕಿನೇ. ಆದ್ರೂ ಹೆಣ್ಣಮಗಳು ಠಾಣ್ಯಾಗ ಕೂಡೂದು ಬ್ಯಾಡ. ಜಾಮೀನು ನಾ ನಿಲ್ತೀನಿ."

"ಬ್ಯಾಡ್ರಿ," ಅಂದಳು ಗುರುಶಾಂತವ್ವ. "ನಿಮ್ಮ ಉಪಕಾರ ದೊಡ್ಡದು ಅಣ್ಣಾ. ಆದ್ರ ನನ್ನ ಇವತ್ತ ಬಿಡಬ್ಯಾಡ್ರಿ."

ಜಾಮೀನು ಬೇಡ ಅನ್ನುವ ಕೈದಿಯನ್ನು ದಾದಾಸಾಬ ಜೀವಮಾನದಲ್ಲಿ ನೋಡಿರಲಿಲ್ಲ. ತಾಯಿ ಮಗಳನ್ನು ಪೇದೆಯ ಹೆಂಡತಿಯ ಕಾವಲಿನಲ್ಲಿ ಪಕ್ಕದ ಕೋಣೆಯಲ್ಲಿ ಕೂಡಿಸಿದ.

ಶುಕ್ರವಾರ ಹನ್ನೊಂದಕ್ಕೆ ಸಂಗಯ್ಯ ಬುಸುಗುಡುತ್ತ ಬಂದ. "ಮನೆತನದ ಮರ್ಯಾದಿ ಮಣ್ಣುಪಾಲು ಮಾಡಿದಿ! ಪೊಲೀಸ್ರು ಮೆಟ್ಟಿದ ಮನಿ ಹೆಣ್ಣು ನನಗ ಬ್ಯಾಡಂತ ಪರಮೇಶ್ವರಪ್ಪ ಹೇಳಿ ಕಳಿಸ್ಯಾನ. ಇನ್ನ ಯಾರು ಮಾಡ್ಕೋತಾರ ಇಕಿನ್ನ?"

ಗುರುಶಾಂತವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹೆಗಲು ಅಲುಗುತ್ತಿದ್ದವು. ಅಳುತ್ತಿದ್ದಾಳೆಂದು ಸಂಗಯ್ಯ ತಿಳಿದ. ದೇವಿ ಮಾತ್ರ ತಾಯಿಯ ಮುಖ ಇಣುಕಿ ನೋಡಿ, ಎರಡು ದಿನದಲ್ಲಿ ಮೊದಲ ಸಲ ನಕ್ಕಳು.

ಅವನು ಹೋದ ಮೇಲೆ ಅವಳು ಎದ್ದು ಬಂದಳು. "ಹವಾಲ್ದಾರ್ರ, ಆ ಬಸ್ಸಿನ ಅಣ್ಣಾರನ್ನ ಕರಸ್ರಿ. ಈಗ ಜಾಮೀನು ತಗೋತೀನಿ. ಎಮ್ಮಿ ಒದರಿ ಸತ್ತಿರ್ತೈತಿ."

ಸೋಮವಾರ ಬೆಳಿಗ್ಗೆ ಜಹಾಂಗೀರನ ಲಕೋಟೆ ಫೌಜದಾರನ ಸಹಿಯೊಂದಿಗೆ ಮುಂಬಯಿ ಟಪಾಲಿಗೆ ಬಿತ್ತು. ಅದೇ ಮಧ್ಯಾಹ್ನ ಕಮಲಾಕರ ದೋಷಾರೋಪಣ ಪಟ್ಟಿ ಬರೆಯಲು ಕೂತ. ಕೃತ್ಯದ ಉದ್ದೇಶ ಎಂಬಲ್ಲಿ ಬಹಳ ಹೊತ್ತು ಕೈ ನಿಂತಿತು. ಬರೆದು, ಹೊಡೆದುಹಾಕಿ, ಮತ್ತೆ ಬರೆದ. ಹೀರುಕಾಗದದಿಂದ ಮಸಿ ಒತ್ತಲು ಬಂದ ದಾದಾಸಾಬ ಬಗ್ಗಿ ಓದಿದ: "ಆರೋಪಿಯ ಮಗಳಿಗೆ ಹದಿನಾಲ್ಕು ವರ್ಷ ತುಂಬಿತ್ತು."